‘ಬೀಚ್‌ಗೆ 200 ಮೀಟರ್’ ಅಂದ್ರ ಇದ್ಯಾವ ಅಳತಿ ರೀ?

ಸಿಟ್ಟು ನೆತ್ತಿಗೇರೈತಿ, ಅದಕ್ಕ ಬರಿಯಾಕತ್ತೀನಿ. ಸೂಟ್ಯಾಗ ಅವ್ವನ್ನ ಕರಕೊಂಡ ಹೋಗಿ ಸಮುದ್ರ ತೋರಸ್ಬೇಕು, ಇಷ್ಟ ಇರೂದು. ಅಕಿಗೆ ಮೊಣಕಾಲ ಬ್ಯಾನಿ. ನಮಗ ಸ್ವಿಮ್ಮಿಂಗ್ ಪೂಲ್ ಬ್ಯಾಡ, ರಾತ್ರಿ ಬೆಂಕಿ ಹಚ್ಚಿ ಹಾಡೂದು ಬ್ಯಾಡ. ರೂಮಿನಿಂದ ನೀರಿನ ತನಕ ಅವ್ವ ತನ್ನ ಕಾಲ ಮ್ಯಾಲೆ ಹೋಗೂವಂಗಿರಬೇಕು. ಈ ಒಂದ ಮಾತಿಗೆ ನೆಟ್ಟಗ ಉತ್ತರ ಕೊಡೂ ಮನಷ್ಯಾ ಕರಾವಳಿ ತುಂಬ ಒಬ್ಬನೂ ಸಿಗವಲ್ಲ!

ವಿಜಯಪುರದ ಮಂದಿಗೆ ದಾರಿ ಏನ್ ತ್ರಾಸಿಲ್ಲ. ನಮ್ಮೂರ ಹಾದು ಹೋಗೂ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳದು ಸೀದಾ ಅಂಕೋಲಾಕ್ಕ ಒಯ್ದು ಬಿಡತೈತಿ. ಅಲ್ಲಿಂದ ಗೋಕರ್ಣ ಏನ್ ಮಹಾ ದೂರ? ತ್ರಾಸ ಇರೂದೆಲ್ಲಾ ರೂಮಿಂದು.

ಆ್ಯಪ್‌ನಾಗ ‘ಕುಡ್ಲೆ ಬೀಚ್‌ಗೆ 200 ಮೀಟರ್’ ಅಂತ ಹಾಕ್ಯಾರ. ಫೋಟೋದಾಗ ಕಿಟಕಿ ತುಂಬ ಸಮುದ್ರ. ಫೋನ್ ಹಚ್ಚಿದೆ.

“ಹತ್ರನೇ ಮಾರಾಯ್ರೆ, ಐದೇ ನಿಮಿಷ.”

“ಪಾವಟಿಗಿ ಅದಾವೇನ್ರಿ?”

“ಸ್ವಲ್ಪ ಇವೆ.”

“ಸ್ವಲ್ಪ ಅಂದ್ರ ಎಷ್ಟ್ರಿ?”

“ಎಲ್ರೂ ಹತ್ತಿ ಇಳೀತಾರಲ್ಲ ಸಾರ್!”

ಎಲ್ರೂ ಅಂದ್ರ ಯಾರು? ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಬರೂ ಇಪ್ಪತ್ತರ ಹುಡುಗರು. ಗೋಕರ್ಣ ಕಂಡವರಿಗೆ ಗೊತ್ತೈತಿ, ಊರಿನ ಬೀಚ್ ಬಿಟ್ರ ಕುಡ್ಲೆ, ಓಂ, ಹಾಫ್ ಮೂನ್ ಎಲ್ಲಾ ಗುಡ್ಡದ ಬುಡಕ ಇರೂವು. ರಸ್ತೆ ಮ್ಯಾಲೆ, ನೀರು ಕೆಳಗ. ಹಾಫ್ ಮೂನ್‌ಗಂತೂ ನಡೀಬೇಕು, ಇಲ್ಲಾ ದೋಣಿ ಹತ್ತಬೇಕು. ನಕ್ಷೆ ಮ್ಯಾಲೆ ಗೆರಿ ಎಳದು ಅಳದ್ರ 200 ಮೀಟರ್ ಆಗತೈತಿ, ಯಾರ ಇಲ್ಲಂದ್ರು? ಆ ಗೆರಿ ಮ್ಯಾಲೆ ನೀ ಒಮ್ಮೆ ನಡದು ತೋರಸಪಾ ಅಂತೀನಿ ನಾ.

ಇನ್ನೊಂದ ಕಡೆ ನೆಲಮಹಡಿ ರೂಮ್, ಅಂಗಳದ ಮುಂದ ಉಸುಕು, ‘ಗೋಕರ್ಣದ ಸಮೀಪ’. ಆಹಾ ಅಂತ ವಿಳಾಸ ನೋಡತೀನಿ, ಅಘನಾಶಿನಿ ನದಿಯ ಆಚಿ ದಂಡಿ! ಅವ್ವಗ ಮಹಾಬಲೇಶ್ವರನ ದರ್ಶನಾನೂ ಆಗಬೇಕಲ್ಲ. ಗೋಕರ್ಣದ ಕಡಿ ದಂಡಿಯ ತದಡಿಗೆ ದೋಣಿ ಅದಾವ ಖರೆ, ಮೊಣಕಾಲ ಬ್ಯಾನಿ ಇದ್ದಾಕಿನ್ನ ದೋಣಿ ಹತ್ತಿಸಿ ಇಳಸಲೇನು? ರಸ್ತೆ ಹಿಡದ್ರ ಹೆದ್ದಾರಿಗೆ ಬಂದು ಮಿರ್ಜಾನ ಹಾಯ್ದು ಮೂವತ್ತು ಕಿಲೋಮೀಟರ್‌ಗಿಂತ ಹೆಚ್ಚಿಗಿ ಸುತ್ತಬೇಕು. ಸಮೀಪ ಅಂತ ಸಮೀಪ!

ಹೋಗ್ಲಿ ಅಂತ ಮುರುಡೇಶ್ವರಕ್ಕ ಬಂದೆ. ಅಲ್ಲಿ ಗಾಡಿ ಸಮುದ್ರದ ದಂಡಿ ತನಕ ಹೋಗತೈತಿ. ‘ಸೀ ವ್ಯೂ’ ಅಂತ ರೊಕ್ಕ ಹೆಚ್ಚಿಗಿ. ತಂಗಿದವರು ಹಾಕಿದ ಫೋಟೋ ನೋಡಿದ್ರ ಬಾಲ್ಕನಿ ತುಂಬ 237 ಅಡಿ ರಾಜಗೋಪುರ, ಅದರ ಬಗಲಾಗ ಅಂಗೈ ಅಗಲ ನೀಲಿ. ಅದ ಸೀ, ಅದ ವ್ಯೂ. ರೂಮ್ ಮೂರನೇ ಮಹಡಿ. ದೇವಸ್ಥಾನದ ಗೋಪುರದಾಗ ಲಿಫ್ಟ್ ಐತ್ರಿ, ಈ ಲಾಡ್ಜಿನಾಗಿಲ್ಲ!

ರಾತ್ರಿ ಬಿಟ್ಟು ನಸುಕಿನ್ಯಾಗ ಮುಟ್ಟಿದ್ರ ಮಧ್ಯಾಹ್ನದ ತನಕ ಬಾಗಿಲ ತೆಗಿಯೂದಿಲ್ಲ ಅಂತಾರ, ಲಗೂ ಬೇಕಂದ್ರ ಅರ್ಧ ದಿನದ ಬಾಡಿಗಿ ಕೊಡ್ರಿ ಅಂತಾರ. ಅದರ ಜಗಳ ಬ್ಯಾರೆ ಐತಿ, ಇನ್ನೊಮ್ಮೆ ಬರೀತೀನಿ.

ಕಡೀಕ ಒಬ್ಬ ಮಾಲಕಗ ವಾಟ್ಸಾಪ್ ಮಾಡಿ ಕೈ ಮುಗದು ಕೇಳಿದೆ: “ಅಣ್ಣಾರ, ರೂಮಿನ ಬಾಗಲದಿಂದ ನೀರಿನ ತನಕ ನಡಕೋತ ಒಂದ ವಿಡಿಯೋ ಮಾಡಿ ಕಳಸ್ರಿ, ಸಾಕು.” ಸೂರ್ಯ ಮುಳುಗೂ ಫೋಟೋ ಒಂದು, ಕ್ಯೂಆರ್ ಕೋಡ್ ಒಂದು ಕಳಿಸ್ಯಾನ. ಕೆಳಗ ಬರದಾನ: “ಅಡ್ವಾನ್ಸ್ ಬೇಗ ಹಾಕಿ ಸಾರ್, ಬೇರೆ ಪಾರ್ಟಿ ಕೇಳ್ತಾ ಇದ್ದಾರೆ.”