ಬ್ಯಾಟರಿ ಬದಲಿಸುವ ಮೊದಲು ಟರ್ಮಿನಲ್ ಉಜ್ಜಿ ನೋಡಿ

ಇವತ್ತು ಕಾಸರಗೋಡಿನ ಬದಿಯಡ್ಕದಲ್ಲಿ ಕಣ್ಣೆದುರೇ ಒಂದು ಕಾರಿಗೆ ಹೊಸ ಬ್ಯಾಟರಿ ಕೂರಿಸಿದರು. ಹಳೆಯದರ ಟರ್ಮಿನಲ್ (ತಂತಿ ಬಿಗಿಯುವ ಗೂಟ) ಮೇಲೆ ಬಿಳಿ-ಹಸಿರು ಹುಡಿ ದಪ್ಪಕ್ಕೆ ಕೂತಿತ್ತು. ಯಾರೂ ಉಜ್ಜಲಿಲ್ಲ, ವೋಲ್ಟ್ ಅಳೆಯುವ ಮೀಟರ್ ಹಿಡಿಯಲಿಲ್ಲ. ನಾಲ್ಕೈದು ಸಾವಿರ ರೂಪಾಯಿ ಹೋಯಿತು. ನೋಡದೆಯೇ ‘ಬ್ಯಾಟರಿ ಹೋಗಿದೆ’ ಅಂದದ್ದಕ್ಕೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ, ಅದರ ಮೇಲೆ ಕಡಲಿನ ಉಪ್ಪುಗಾಳಿ. ಕಾಸರಗೋಡಿನಲ್ಲಿ ಟರ್ಮಿನಲ್ ಕಿಲುಬು ಹಿಡಿಯದೆ ಇರುತ್ತದೆಯೇ? ಸರ್ವಿಸ್‌ನವರು ಕಿಲೋಮೀಟರ್ ಲೆಕ್ಕ ನೋಡುತ್ತಾರೆ, ಮಳೆಯ ಲೆಕ್ಕ ನಾವೇ ನೋಡಬೇಕು.

ಇಂಜಿನ್ ತಿರುಗಿಸಿ ಚಾಲೂ ಮಾಡುವ ಸ್ಟಾರ್ಟರ್ ಮೋಟರ್ 100 ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಕಿಲುಬಿನಿಂದ 0.02 ಓಮ್ ತಡೆ ಬಂದರೂ ಸಾಕು, 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹಾರ್ನಿಗೆ, ಡ್ಯಾಶ್‌ಬೋರ್ಡ್ ಲೈಟಿಗೆ ಕೆಲವೇ ಆಂಪಿಯರ್ ಬೇಕಾದ್ದರಿಂದ ಅವು ನಡೆಯುತ್ತವೆ. ಕೀ ತಿರುಗಿಸಿದರೆ ಮಾತ್ರ ಬರೀ ‘ಟಕ್’. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಗೂಟದ ಮೇಲೆ, ಇನ್ನೊಂದು ಅದೇ ಗೂಟಕ್ಕೆ ಬಿಗಿದ ಕ್ಲ್ಯಾಂಪಿನ ಮೇಲೆ ಇಟ್ಟು, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಅರ್ಧ ವೋಲ್ಟ್ ದಾಟಿದರೆ ದೋಷ ಜೋಡಣೆಯದ್ದು, ಬ್ಯಾಟರಿಯದ್ದಲ್ಲ ಮಾರಾಯ್ರೇ!

ಶುಚಿ ಮಾಡಲು ಬೇಕಾದದ್ದು 10 ನಂಬರ್ ಸ್ಪ್ಯಾನರ್, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಮರಳು ಕಾಗದ, ವ್ಯಾಸಲಿನ್. ಉಂಗುರ, ಬಳೆ ತೆಗೆದಿಡಿ. ಕೀ ಕೈಯಲ್ಲೇ ಇರಲಿ, ಕೆಲವು ಕಾರುಗಳ ಬಾಗಿಲು ತಾನಾಗಿ ಲಾಕ್ ಆಗುತ್ತದೆ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ತಲೆಕೆಳಗು ಮಾಡಿದರೆ ಪಾಸಿಟಿವ್‌ನಲ್ಲಿರುವ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದ ಕ್ಷಣ ಶಾರ್ಟ್. ಸೋಡಾ ನೀರು ಹಾಕಿ ಉಜ್ಜಿ, ನೊರೆ ನಿಲ್ಲುವವರೆಗೆ. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಹೋದರೆ ಆಸಿಡ್ ಕೆಡುತ್ತದೆ. ತೊಳೆದು ಒರೆಸಿ, ಗೂಟವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಹೊಳೆಯುವಷ್ಟು ಉಜ್ಜಿ. ಜೋಡಿಸುವಾಗ ಪಾಸಿಟಿವ್ ಮೊದಲು. ಸೀಸ ಮೆದು, ಅತಿಯಾಗಿ ಬಿಗಿಯಬೇಡಿ, ಕ್ಲ್ಯಾಂಪ್ ಕೈಯಲ್ಲಿ ತಿರುಗದಿದ್ದರೆ ಸಾಕು. ವ್ಯಾಸಲಿನ್ ಸವರುವುದು ಬಿಗಿದ ಮೇಲೆಯೇ. ಅರ್ಧ ಗಂಟೆಯ ಕೆಲಸ!

‘ಎಲ್ಲರೂ ಹೀಗೆ ಮಾಡಿದರೆ ಮೆಕ್ಯಾನಿಕ್‌ಗಳ ಹೊಟ್ಟೆಪಾಡು ಏನು’ ಅಂತ ಕೇಳುವವರಿದ್ದಾರೆ. ಕ್ಲಚ್, ಟೈಮಿಂಗ್ ಬೆಲ್ಟ್, ಏರ್‌ಬ್ಯಾಗ್ ಎಲ್ಲ ಅವರದ್ದೇ ಕೆಲಸ, ಅದನ್ನು ಮನೆಯಂಗಳದಲ್ಲಿ ಮುಟ್ಟಲೇಬಾರದು. ಆದರೆ ಉಜ್ಜಿದರೆ ಹೋಗುವ ಹುಡಿಗೆ ಹೊಸ ಬ್ಯಾಟರಿ ಮಾರುವುದನ್ನು ಹೊಟ್ಟೆಪಾಡು ಅನ್ನಲು ನಾನು ತಯಾರಿಲ್ಲ.

ಬ್ಯಾಟರಿ ನಿಜವಾಗಿಯೂ ಹೋಗಿರಬಹುದು, ಅದಕ್ಕೂ ಮೀಟರೇ ಸಾಕ್ಷಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ. ಚಾರ್ಜ್ ತುಂಬಿಯೂ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿಯಿತು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. 12ರ ಸುತ್ತಲೇ ನಿಂತರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ತೋರಿಸಿ, ಇಲ್ಲವಾದರೆ ಹೊಸ ಬ್ಯಾಟರಿಯೂ ಖಾಲಿಯಾಗುತ್ತದೆ. ಕೊಳ್ಳಲೇಬೇಕಾದರೆ ತಯಾರಾದ ತಿಂಗಳು ಓದಿ, ಹಳೆಯದಕ್ಕೆ ಎಕ್ಸ್‌ಚೇಂಜ್ ಬೆಲೆ ಕೇಳಿ. ಅದರೊಳಗಿನ ಸೀಸಕ್ಕೆ ಬೆಲೆಯಿದೆ.