ಹದಿನೈದು ಚೆಂಡುಗಳ ಒಗ್ಗಟ್ಟು

ಪೂಲ್ ಮೇಜಿನ ಸುತ್ತ ನಡೆಯುವ ಕೆಲಸಗಳಲ್ಲಿ ಅತಿ ಕಡಿಮೆ ಮರ್ಯಾದೆ ಪಡೆದಿರುವುದು ಚೆಂಡುಗಳನ್ನು ತ್ರಿಕೋನದಲ್ಲಿ ಜೋಡಿಸುವ ಕೆಲಸ. ಚೆಂಡನ್ನು ಪಾಕೆಟ್ಟಿಗೆ ಬೀಳಿಸಿದವನಿಗೆ ಮೆಚ್ಚುಗೆಯಿದೆ, ಗುಂಪನ್ನು ಚದುರಿಸುವ ಮೊದಲ ಹೊಡೆತವಾದ ಬ್ರೇಕ್ ಹೊಡೆದವನಿಗೆ ಆ ಸದ್ದೇ ಬಹುಮಾನ; ಜೋಡಿಸಿದವನ ನೆನಪಾಗುವುದು ಬ್ರೇಕ್ ಕೆಟ್ಟಾಗ ಮಾತ್ರ, ಅದೂ ಬೈಯುವುದಕ್ಕೆ. ಬೆಂಗಳೂರಿನ ಬಡಾವಣೆಗಳಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲೋ ಅಂಗಡಿ ಸಾಲಿನ ನೆಲಮಾಳಿಗೆಯಲ್ಲೋ ಇರುವ ಪಾರ್ಲರುಗಳಲ್ಲಿ ಈ ಕೆಲಸ ಹೆಚ್ಚಾಗಿ ಮೇಜು ನೋಡಿಕೊಳ್ಳುವ ನೌಕರರಾದ ಮಾರ್ಕರ್ ಪಾಲಿನದು. ಅವರು ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ತ್ರಿಕೋನವನ್ನು ಎಳೆದು, ಹಿಂದಿನ ಸಾಲಿಗೆ ಬೆರಳು ಕೊಟ್ಟು ಮುಂದಕ್ಕೆ ಒತ್ತಿ, ಒಮ್ಮೆ ಹಿಂದೆ ಮುಂದೆ ಆಡಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿಬಿಡುತ್ತಾರೆ. ಇಷ್ಟು ಸಣ್ಣ ಕೆಲಸವನ್ನು ಮನುಷ್ಯನ ಕೈಯಿಂದ ತೆಗೆದು ಯಂತ್ರಕ್ಕೋ, ನಿಖರವಾಗಿ ಕಡೆದ ಲೋಹದ ಚೌಕಟ್ಟಿಗೋ, ರಂಧ್ರ ಕೊರೆದ ಪ್ಲಾಸ್ಟಿಕ್ ಹಾಳೆಗೋ ಒಪ್ಪಿಸಬೇಕೆಂದು ಜಗತ್ತಿನ ಒಂದು ಭಾಗ ಹಲವು ವರ್ಷಗಳಿಂದ ತಲೆ ಕೆಡಿಸಿಕೊಂಡಿದೆ. ಅದು ಖರ್ಚಿಗೆ ತಕ್ಕ ಕೆಲಸವೇ ಎಂಬುದನ್ನು ನಿಧಾನವಾಗಿ ಯೋಚಿಸುವುದರಲ್ಲಿ ತಪ್ಪಿಲ್ಲ.

ತ್ರಿಕೋನದಿಂದ ನಾವು ಕೇಳುವುದು ಒಂದೇ: ಚೆಂಡುಗಳು ಪರಸ್ಪರ ತಾಗಿಕೊಂಡಿರಬೇಕು. ಬಿಳಿ ಚೆಂಡು ಬಂದು ಮುಂದಿನ ಚೆಂಡಿಗೆ ಬಡಿದಾಗ ಆ ಹೊಡೆತ ಸಾಲಿನಿಂದ ಸಾಲಿಗೆ ದಾಟಿಕೊಂಡು ಹೋಗುತ್ತದೆ. ಎರಡು ಚೆಂಡುಗಳು ಡಿಕ್ಕಿಯಲ್ಲಿ ತಾಗಿರುವ ಅವಧಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಹೊಡೆತ ಯಾವ ಚೆಂಡಿಗೆ ಮೊದಲು ತಲುಪಿತು, ಯಾವುದಕ್ಕೆ ತಡವಾಗಿ ತಲುಪಿತು ಎಂಬುದರ ಮೇಲೆ ಇಡೀ ಗುಂಪು ಚದುರುವ ರೀತಿ ನಿಂತಿದೆ. ಮುಂದಿನ ಚೆಂಡಿನ ಹಿಂದೆ ಕಾಗದದಷ್ಟು ತೆಳುವಾದ ಸಂದು ಉಳಿದರೂ ಸಾಕು, ಬಿಗಿಯಾದ ಗುಂಪಿನಲ್ಲಿ ಮೂಲೆಯ ಪಾಕೆಟ್ಟಿನತ್ತ ಹೋಗಬೇಕಾಗಿದ್ದ ಚೆಂಡು ಮೇಜಿನ ಅಂಚಿನ ಕುಷನ್ನಿಗೆ ಬಡಿದು ವಾಪಸು ಬರುತ್ತದೆ, ಬ್ರೇಕ್ ಹೊಡೆದವನು ಮಾರ್ಕರ್ ಮುಖ ನೋಡುತ್ತಾನೆ.

ಹಾಗಾದರೆ ಕೈಗೆ ಇದು ಏಕೆ ಕಷ್ಟ? ಕಾರಣ ಕೈಯಲ್ಲಿ ಮಾತ್ರ ಇಲ್ಲ, ಲೆಕ್ಕದಲ್ಲಿಯೂ ಇದೆ. ಕೇರಂ ಬೋರ್ಡಿನ ನಡುವೆ ರಾಣಿಯ ಸುತ್ತ ಆರು ಕಾಯಿಗಳನ್ನು ಇಟ್ಟು ಅಂಗೈಗಳಿಂದ ಒತ್ತಿ ಬಿಗಿ ಮಾಡುವುದನ್ನು ನಾವೆಲ್ಲ ಮಾಡಿದ್ದೇವೆ. ಎಲ್ಲ ಕಾಯಿಗಳೂ ಒಂದೇ ಅಳತೆಯಿದ್ದರೆ ಆರು ಕಾಯಿಗಳ ಆ ಸುತ್ತು ಕರಾರುವಾಕ್ಕಾಗಿ ಮುಚ್ಚಿಕೊಳ್ಳುತ್ತದೆ. ನಡುವಿನದು ಕೂದಲೆಳೆಯಷ್ಟು ದೊಡ್ಡದಾದರೆ ಸುತ್ತು ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ, ಸಣ್ಣದಾದರೆ ನಡುವಿನದೇ ಅಲ್ಲಾಡುತ್ತದೆ. ಪೂಲ್ ತ್ರಿಕೋನದಲ್ಲಿಯೂ ಇದೇ ಕಥೆ. ಹದಿನೈದು ಚೆಂಡುಗಳು ಸರಿಯಾಗಿ ಕೂತರೆ ಅವುಗಳ ನಡುವೆ ಒಟ್ಟು 30 ಕಡೆ ಸ್ಪರ್ಶ ಇರಬೇಕು, ಮತ್ತು ಅವುಗಳಲ್ಲಿ ಮೂರು ಚೆಂಡುಗಳು ಆರಾರು ನೆರೆಯವರಿಂದ ಸುತ್ತುವರಿದು ಕೂತಿರುತ್ತವೆ. ಕಪ್ಪು ಎಂಟನೆಯ ಚೆಂಡು ಆ ಮೂರರಲ್ಲಿ ಒಂದು. ಒಂಬತ್ತೇ ಚೆಂಡುಗಳಿರುವ ನೈನ್ ಬಾಲ್ ಆಟದ ವಜ್ರಾಕೃತಿಯಲ್ಲಿ 16 ಸ್ಪರ್ಶಗಳಿದ್ದು, ಹಾಗೆ ಸುತ್ತುವರಿದಿರುವುದು ನಡುವಿನ ಒಂಬತ್ತನೆಯ ಚೆಂಡು ಒಂದೇ. ವಿಶ್ವ ಪೂಲ್ ಸಂಸ್ಥೆಯ ಮಾನದಂಡದ ಪ್ರಕಾರ ಚೆಂಡಿನ ವ್ಯಾಸ 57.15 ಮಿಲಿಮೀಟರ್, ಅದರಲ್ಲಿ 0.127 ಮಿಲಿಮೀಟರ್ ಹೆಚ್ಚು ಕಡಿಮೆ ಇರಬಹುದು. ಅಂದರೆ ಹೊಚ್ಚ ಹೊಸ ಚೆಂಡುಗಳ ನಡುವೆಯೇ ಕಾಲು ಮಿಲಿಮೀಟರಿನವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ. ಅಳತೆ ಹೀಗೆ ಏರುಪೇರಾದ ಮೇಲೆ ಮೂವತ್ತು ಕಡೆಯೂ ಏಕಕಾಲಕ್ಕೆ ತಾಗಿಸುವುದು ಮಾರ್ಕರ್‌ಗಿರಲಿ, ಯಾವ ಯಂತ್ರಕ್ಕೂ ಆಗುವ ಕೆಲಸವಲ್ಲ. ಸಂದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸಬಹುದು, ಅಷ್ಟೆ. ನಮ್ಮ ಅನೇಕ ಕಚೇರಿಗಳಲ್ಲಿ ಕಡತಗಳನ್ನು ನಿಭಾಯಿಸುವ ವಿಧಾನವೂ ಇದೇ ಆಗಿರುವುದರಿಂದ ನಮಗೆ ಇದು ಹೊಸದೆನಿಸಬಾರದು.

ಬಟ್ಟೆಯದು ಬೇರೆಯೇ ಕಾಟ. ಪ್ರತಿ ಆಟದಲ್ಲೂ ಅದೇ ಜಾಗದಲ್ಲಿ ಚೆಂಡುಗಳು ಕೂರುವುದರಿಂದ ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತಗ್ಗುಗಳು ಬೀಳುತ್ತವೆ. ತ್ರಿಕೋನ ಎತ್ತಿದ ಮರುಕ್ಷಣ ಚೆಂಡುಗಳು ನಾವು ಇಟ್ಟ ಜಾಗ ಬಿಟ್ಟು ತಮಗೆ ರೂಢಿಯಾದ ತಗ್ಗಿಗೆ ಜಾರುತ್ತವೆ. ಅದಕ್ಕೆ ಸೀಮೆಸುಣ್ಣದ ಪುಡಿ, ಬೆವರು, ಕಿಟಕಿಯಿಂದ ಬಂದ ಊರಿನ ಧೂಳು, ಪಕ್ಕದ ಮೇಜಿನಿಂದ ಹಾರಿ ಬಂದ ಚಿಪ್ಸಿನ ಎಣ್ಣೆಪುಡಿ ಎಲ್ಲವೂ ಸೇರಿದರೆ ಮೇಲಿನ ಲೆಕ್ಕವೆಲ್ಲ ಬರಿಯ ಪುಸ್ತಕದ ಮಾತಾಗುತ್ತದೆ. ಚೆಂಡು ನಿಲ್ಲದಿದ್ದರೆ ಅದನ್ನು ಇನ್ನೊಂದು ಚೆಂಡಿನಿಂದ ಕುಟ್ಟಿ ಕೂರಿಸುವ ಚಾಳಿ ಹಲವರಿಗಿದೆ. ಅಂತಾರಾಷ್ಟ್ರೀಯ ನಿಯಮಾವಳಿ ಇದನ್ನು ಶಿಫಾರಸು ಮಾಡುವುದಿಲ್ಲ, ಅದರ ಬದಲು ಆ ಜಾಗವನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ಬಟ್ಟೆಯನ್ನು ಸಮ ಮಾಡಿ ಎಂದು ಸೂಚಿಸುತ್ತದೆ. ಈ ಸಾಧಾರಣ ಸಲಹೆಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಅದರಿಂದ ಕೆಲಸವಿದೆ.

ಸಂದು ಇದ್ದಲ್ಲಿ ಸಂಶಯವೂ ಇರುತ್ತದೆ. ಸೋತವರು ಟೇಬಲ್ ದುಡ್ಡು ಕೊಡಬೇಕೆಂಬ ಒಪ್ಪಂದವಿದ್ದರಂತೂ ಬ್ರೇಕ್ ಹೊಡೆಯುವವನು ಮೊದಲು ಕುಕ್ಕರುಗಾಲಲ್ಲಿ ಕೂತು, ಮೇಜಿನ ಅಂಚಿಗೆ ಗಲ್ಲವಿಟ್ಟು, ಒಂದು ಕಣ್ಣು ಮುಚ್ಚಿ, ಚೆಂಡುಗಳ ನಡುವೆ ಬೆಳಕು ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಾನೆ. “ಅಣ್ಣಾ, ಎರಡನೇ ಸಾಲಲ್ಲಿ ಗ್ಯಾಪ್ ಇದೆ, ಇನ್ನೊಂದ್ಸಲ ಹಾಕಿ” ಎನ್ನುತ್ತಾನೆ. “ಗ್ಯಾಪ್ ಎಲ್ಲಾ ಟೇಬಲಲ್ಲೂ ಇರತ್ತೆ ಸಾರ್, ಹೊಡೀರಿ” ಎಂದು ಮಾರ್ಕರ್ ಉತ್ತರಿಸುತ್ತಾರೆ. ಇಬ್ಬರ ಮಾತೂ ನಿಜ. ಮಾರ್ಕರ್ ಇಲ್ಲದ ಕಡೆ ಎದುರಾಳಿಯೇ ಜೋಡಿಸಬೇಕಾಗಿ ಬಂದರೆ ಜಗಳ ಇನ್ನೂ ಸೊಗಸಾಗಿರುತ್ತದೆ, ಏಕೆಂದರೆ ಬೇಕೆಂದೇ ಸಂದು ಬಿಟ್ಟು ಜೋಡಿಸುವ ಕಲೆಯಲ್ಲಿ ಪಳಗಿದವರು ಈ ಆಟ ಇರುವ ಎಲ್ಲ ದೇಶಗಳಲ್ಲೂ ಇದ್ದಾರೆ. ಜೋಡಣೆಯ ಸಾಧನಗಳು ಹುಟ್ಟಿದ್ದು ಸಂದನ್ನು ಮುಚ್ಚುವುದಕ್ಕೆ ಎಷ್ಟೋ, ಈ ವಾದಗಳನ್ನು ಮುಚ್ಚುವುದಕ್ಕೂ ಅಷ್ಟೇ ಎಂದು ನನ್ನ ಅನಿಸಿಕೆ.

ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ಒಂದು ಕಾಲಕ್ಕೆ ಬಹಳ ಸದ್ದು ಮಾಡಿದ್ದು ಸಾರ್ಡೊ ಟೈಟ್ ರ‍್ಯಾಕ್ ಎಂಬ ಯಂತ್ರ. ಬರಿಯ ಚೌಕಟ್ಟಾಗಿರದೆ ಚೆಂಡುಗಳನ್ನು ಒಂದಕ್ಕೊಂದು ಒತ್ತಿ, ಬಟ್ಟೆಯ ಮೇಲೂ ಒತ್ತಿ ಕೂರಿಸುವ ಸಲಕರಣೆ ಅದು. ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು, ತೊಂದರೆ ಶುರುವಾದದ್ದೇ ಅಲ್ಲಿಂದ. ಜೋಡಣೆ ಪ್ರತಿ ಬಾರಿಯೂ ಒಂದೇ ರೀತಿ ಬಿಗಿಯಾಗಿದ್ದರೆ ಚದುರುವಿಕೆಯೂ ಹೆಚ್ಚು ಕಡಿಮೆ ಒಂದೇ ರೀತಿ ಆಗುತ್ತದೆಂಬುದನ್ನು ಆಟಗಾರರು ಬೇಗ ಗಮನಿಸಿದರು. ನೈನ್ ಬಾಲಿನ ಬಿಗಿಯಾದ ವಜ್ರದಲ್ಲಿ ರೆಕ್ಕೆಯಲ್ಲಿ, ಅಂದರೆ ಅಗಲವಾದ ನಡುಸಾಲಿನ ಅಂಚಿನಲ್ಲಿ, ಕೂತಿರುವ ಚೆಂಡು ತಾನಾಗಿಯೇ ಮೂಲೆಯ ಪಾಕೆಟ್ಟಿನ ದಾರಿ ಹಿಡಿಯುತ್ತದೆ, ಅದಕ್ಕೆ ಗುಡುಗಿನಂಥ ಹೊಡೆತವೂ ಬೇಕಿಲ್ಲ. 2001ರ ಯು.ಎಸ್. ಓಪನ್ ನೈನ್ ಬಾಲ್ ಪಂದ್ಯಾವಳಿಯನ್ನು ಅಮೆರಿಕದ ಆಟಗಾರ ಕೋರಿ ಡ್ಯುಯೆಲ್ ಗೆದ್ದದ್ದು ಇಂಥ ಮೆತ್ತನೆಯ ಬ್ರೇಕಿನ ಬಲದಿಂದ. ಫೈನಲ್‌ನಲ್ಲಿ ಅವರು ಮಿಕಾ ಇಮ್ಮೊನೆನ್ ಅವರನ್ನು 11–0 ಅಂತರದಲ್ಲಿ ಸೋಲಿಸಿದರು. ಮೇಜನ್ನು ನಡುಗಿಸುವ ಬ್ರೇಕ್ ನೋಡಲು ಬರುವವರಿಗೆ ಇದು ಸಪ್ಪೆಯಾಗಿ ಕಂಡಿರಬೇಕು.

ಆಮೇಲೆ ನಿಯಮ ಮಾಡುವವರು ಯಂತ್ರ ಸರಿಪಡಿಸಿದ್ದನ್ನು ಇನ್ನೊಂದು ಬದಿಯಿಂದ ಕೆಡಿಸುವುದಕ್ಕೆ ಕೂತರು. ಬ್ರೇಕಿನಲ್ಲಿ ಕನಿಷ್ಠ ಮೂರು ಚೆಂಡುಗಳು ಪಾಕೆಟ್ಟಿಗೆ ಬೀಳಬೇಕು ಅಥವಾ ಬ್ರೇಕ್ ಹೊಡೆಯುವ ಬದಿಯ ಗೆರೆ ದಾಟಬೇಕು ಎಂಬ ಷರತ್ತು ಕೆಲವು ಪಂದ್ಯಾವಳಿಗಳಲ್ಲಿ ಬಂತು. ವಜ್ರದ ತುದಿಯಲ್ಲಿರುವ ಒಂದನೆಯ ಚೆಂಡನ್ನು ಮೇಜಿನ ಮೇಲೆ ಗುರುತು ಮಾಡಿದ ಸ್ಪಾಟಿನ ಮೇಲೆ ಇಡುವ ಬದಲು ಒಂಬತ್ತನೆಯದನ್ನು ಇಡುವ ಪದ್ಧತಿಯೂ ಬಂತು. ಇದರಿಂದ ಇಡೀ ವಜ್ರ ಎರಡು ಸಾಲಿನಷ್ಟು, ಅಂದರೆ ಸುಮಾರು 10 ಸೆಂಟಿಮೀಟರ್ ಮುಂದೆ ಸರಿದು, ರೆಕ್ಕೆಯ ಚೆಂಡಿಗೆ ಪಾಕೆಟ್ಟಿನ ನೇರ ದಾರಿ ತಪ್ಪುತ್ತದೆ. ಮೊದಲು ಹಣ ಖರ್ಚು ಮಾಡಿ ಅದೃಷ್ಟವನ್ನು ಆಟದಿಂದ ಹೊರಗೆ ಹಾಕಿ, ಆಮೇಲೆ ಸಭೆ ಸೇರಿ ಅದನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡಂತಾಯಿತು. ನನಗೆ ಇದರಲ್ಲಿ ದೂರುವಂಥದ್ದು ಏನೂ ಕಾಣುವುದಿಲ್ಲ. ಆದರೆ ಯಂತ್ರದ ಮಾರಾಟಗಾರರು ಈ ಎರಡನೆಯ ಅಧ್ಯಾಯವನ್ನು ಗಿರಾಕಿಗೆ ಹೇಳುವುದು ಅಪರೂಪ.

ಈಗ ಹೆಚ್ಚು ಚಾಲ್ತಿಯಲ್ಲಿರುವುದು ತೆಳುವಾದ ಪ್ಲಾಸ್ಟಿಕ್ ಹಾಳೆ. ಮ್ಯಾಜಿಕ್ ರ‍್ಯಾಕ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಅದನ್ನು ಬಟ್ಟೆಯ ಮೇಲೆ ಹಾಸಿ, ಅದರಲ್ಲಿ ಕತ್ತರಿಸಿದ ಕಂಡಿಗಳಲ್ಲಿ ಚೆಂಡುಗಳನ್ನು ಇಟ್ಟರೆ ಅವು ತಾವಾಗಿಯೇ ಒಂದಕ್ಕೊಂದು ಒರಗಿ ಕೂರುತ್ತವೆ. ಹಾಳೆಯನ್ನು ಅಲ್ಲಿಯೇ ಬಿಟ್ಟು ಬ್ರೇಕ್ ಹೊಡೆದು, ಚೆಂಡುಗಳು ಚದುರಿದ ಮೇಲೆ ತೆಗೆಯಬೇಕು. ಎತ್ತುವಾಗ ಚೆಂಡು ಸರಿಯುತ್ತದೆಂಬ ತ್ರಿಕೋನದ ಹಳೆಯ ರೋಗ ಇದಕ್ಕಿಲ್ಲ, ಏಕೆಂದರೆ ಎತ್ತುವುದೇ ಇಲ್ಲ. ಒಬ್ಬರೇ ಅಭ್ಯಾಸ ಮಾಡುವವರಿಗೂ, ತಮ್ಮ ಚೆಂಡುಗಳನ್ನು ತಾವೇ ಜೋಡಿಸಿಕೊಂಡು ನೈನ್ ಬಾಲ್ ಆಡುವವರಿಗೂ ಇದು ನಿಜವಾಗಿಯೂ ಉಪಯುಕ್ತ ವಸ್ತು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಕಿರಿಕಿರಿ ಇಲ್ಲವೆಂದಲ್ಲ. ಬ್ರೇಕ್ ಆದ ಮೇಲೆ ಒಂದೆರಡು ಚೆಂಡು ಹಾಳೆಯ ಮೇಲೆಯೇ ನಿಂತರೆ ಅದನ್ನು ತೆಗೆಯಲು ಕಾಯಬೇಕು, ಅಷ್ಟರಲ್ಲಿ ನಿಧಾನವಾಗಿ ಉರುಳುವ ಚೆಂಡು ಹಾಳೆಯ ಅಂಚನ್ನು ದಾಟುವಾಗ ದಾರಿ ತಪ್ಪಿತೆಂದು ಹೇಳುವ ಆಟಗಾರ ಎಲ್ಲ ಗುಂಪಿನಲ್ಲೂ ಒಬ್ಬನಿರುತ್ತಾನೆ. ಒಮ್ಮೆ ಮಡಚಿಕೊಂಡ ಹಾಳೆಯಂತೂ ಮತ್ತೆ ಪ್ರಯೋಜನಕ್ಕೆ ಬರುವುದಿಲ್ಲ.

ನಮ್ಮ ಊರಿನಲ್ಲಿ ಈ ಸಾಧನಗಳ ಹುಚ್ಚು ಅಷ್ಟಾಗಿ ಹತ್ತದಿರುವುದಕ್ಕೆ ಜಿಪುಣತನವೇ ಕಾರಣವೆಂದು ತಿಳಿಯಬಾರದು. ಕ್ಯೂ ಕೋಲು ಹಿಡಿಯುವ ಸಂಸ್ಕೃತಿ ಬೆಂಗಳೂರಿಗೆ ಬಂದದ್ದು ದಂಡು ಪ್ರದೇಶದ ಹಳೆಯ ಕ್ಲಬ್ಬುಗಳ ಮೂಲಕ, ಬಿಲಿಯರ್ಡ್ಸ್ ಮತ್ತು ಸ್ನೂಕರ್ ರೂಪದಲ್ಲಿ. ವಸಂತನಗರದಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇದೆ. ಅರವಿಂದ್ ಸವೂರ್ ಅವರ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿ ಈ ಊರಿನವರು. ಅಡ್ವಾಣಿಯವರ ವಿಶ್ವ ಪ್ರಶಸ್ತಿಗಳಲ್ಲಿ ಹೆಚ್ಚಿನವು ಬಿಲಿಯರ್ಡ್ಸಿನವು. ಆ ಆಟದಲ್ಲಿ ಇರುವುದೇ ಮೂರು ಚೆಂಡು, ಜೋಡಿಸುವ ಪ್ರಶ್ನೆಯೇ ಏಳುವುದಿಲ್ಲ. ಸ್ನೂಕರಿನಲ್ಲಿ ಹದಿನೈದು ಕೆಂಪು ಚೆಂಡುಗಳ ತ್ರಿಕೋನವಿದೆ, ಆದರೆ ಅಲ್ಲಿ ಮೊದಲ ಹೊಡೆತದ ಉದ್ದೇಶವೇ ಬೇರೆ: ಗುಂಪಿನ ಕೊನೆಯ ಕೆಂಪನ್ನು ಬಿಳಿ ಚೆಂಡು ಸವರಿಕೊಂಡು ಹೋಗಿ, ಕುಷನ್ನುಗಳನ್ನು ಸುತ್ತಿ, ಹೊರಟ ಕಡೆಗೇ ವಾಪಸಾಗಬೇಕು. ಗುಂಪು ಒಡೆಯದಿದ್ದಷ್ಟೂ ಒಳ್ಳೆಯದು. ಇಂಥ ಆಟವನ್ನು ನೋಡಿ ಬೆಳೆದ ಮಾರ್ಕರ್‌ಗಳಿಗೆ ಪೂಲ್ ಆಡುವ ಹುಡುಗರು ಸಂದಿನ ಬಗ್ಗೆ ಗೋಳಿಡುವುದು ಶ್ರೀಮಂತರ ಮನೆಯ ತಲೆನೋವಾಗಿ ಕಂಡರೆ ಆಶ್ಚರ್ಯವಿಲ್ಲ.

ಹಾಗಾಗಿ ಪಾರ್ಲರಿನ ಮಾಲೀಕರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಬ್ರಷ್ಷಿನ ಬೆಲೆ ಎಲ್ಲಕ್ಕಿಂತ ಕಡಿಮೆ, ಅದು ಮೊದಲು ಬರಲಿ; ದಿನಕ್ಕೊಮ್ಮೆ ಅಂಗಡಿ ತೆರೆಯುವಾಗ ಮಾತ್ರವಲ್ಲದೆ ಆಟಗಳ ನಡುವೆಯೂ ತ್ರಿಕೋನದ ಜಾಗವನ್ನು ಉಜ್ಜುವ ರೂಢಿ ಬರಲಿ. ಚೆಂಡುಗಳನ್ನು ಒರೆಸಲಿ, ಏಕೆಂದರೆ ಅಂಟಾದ ಚೆಂಡು ಯಾವ ಚೌಕಟ್ಟಿನಲ್ಲಿಯೂ ಜಾರಿ ಪಕ್ಕದವನನ್ನು ಸೇರುವುದಿಲ್ಲ. ಬೇರೆ ಬೇರೆ ಸೆಟ್ಟುಗಳಿಂದ ಕೂಡಿಸಿದ ಚೆಂಡುಗಳನ್ನು ಬೇರ್ಪಡಿಸಲಿ. ಹಳೆಯ ಸೆಟ್ಟಿನ ಸವೆದ ಏಳು, ಹೊಸ ಸೆಟ್ಟಿನ ದುಂಡನೆಯ ಎಂಟು ಪಕ್ಕಪಕ್ಕ ಕೂತಲ್ಲಿ ಸಾರ್ಡೊ ಯಂತ್ರ ಬಂದರೂ ಸೋಲುತ್ತದೆ. ಬಗ್ಗುವ ಅಗ್ಗದ ಪ್ಲಾಸ್ಟಿಕ್ ತ್ರಿಕೋನವನ್ನು ಎಸೆದು ಗಟ್ಟಿಯಾದ ಮರದ್ದನ್ನು ತರಿಸಲಿ. ಇವಿಷ್ಟೂ ಆದ ಮೇಲೆ, ನೈನ್ ಬಾಲ್ ಆಡುವವರ ಒಂದು ಗುಂಪು ನಿಯಮಿತವಾಗಿ ಬರುತ್ತಿದ್ದರೆ, ಒಂದು ಹಾಳೆಯನ್ನು ಕೌಂಟರಿನಲ್ಲಿ ಇಟ್ಟುಕೊಳ್ಳಲಿ. ಲೋಹದ ಚೌಕಟ್ಟು ಚಂದದ ವಸ್ತುವೇ, ಹೊಸ ಬಟ್ಟೆ ಮತ್ತು ಒಂದೇ ಅಳತೆಯ ಚೆಂಡುಗಳಿರುವ ಮೇಜಿನ ಮೇಲೆ ಅದರ ಕೆಲಸ ಕಣ್ಣಿಗೆ ಹಬ್ಬ. ಆದರೆ ಅಂಥ ಮೇಜಿನ ಮೇಲೆ ಮರದ ತ್ರಿಕೋನವೂ ಸುಮಾರಾಗಿ ಅದೇ ಕೆಲಸ ಮಾಡುತ್ತದೆ. ಎಂಟನೆಯ ಚೆಂಡಿನ ಆಟಕ್ಕೆ, ಸ್ನೇಹಿತರು ಸಂಜೆ ಕಳೆಯಲು ಆಡುವ ಆಟಕ್ಕೆ, ಇದ್ಯಾವುದೂ ಬೇಡ. ಹದಿನೈದು ಚೆಂಡುಗಳ ಬ್ರೇಕಿನಲ್ಲಿ ಒಂದಿಷ್ಟು ಅನಿಶ್ಚಿತತೆ ಉಳಿಯುವುದರಿಂದಲೇ ಹೊಸಬನೊಬ್ಬ ಪಳಗಿದವನ ಎದುರು ಕ್ಯೂ ಹಿಡಿಯಲು ಧೈರ್ಯ ಮಾಡುತ್ತಾನೆ.

ಹೊರವರ್ತುಲ ರಸ್ತೆಯ ಕಂಪನಿಗಳ ವಿರಾಮದ ಕೋಣೆಗಳಲ್ಲಿ ಇರುವ ಪೂಲ್ ಮೇಜುಗಳಿಗೆ ಮಾತ್ರ ಈ ಸಲಹೆಗಳು ಅನ್ವಯಿಸುವುದಿಲ್ಲ. ಅಲ್ಲಿ ತ್ರಿಕೋನ ಎಂದೋ ಕಾಣೆಯಾಗಿರುತ್ತದೆ, ನೌಕರರು ಎರಡೂ ಮುಂಗೈಗಳಿಂದ ಚೆಂಡುಗಳನ್ನು ತಬ್ಬಿ ಒಂದು ಆಕಾರಕ್ಕೆ ತರುತ್ತಾರೆ, ಮತ್ತು ಆ ಆಕಾರ ತ್ರಿಕೋನವೆಂದು ಎಲ್ಲರೂ ಸೌಜನ್ಯದಿಂದ ಒಪ್ಪಿಕೊಳ್ಳುತ್ತಾರೆ. ಅಂಥ ಕಡೆಗೆ ಸಾಧನ ತರಿಸಬೇಕೆಂದು ಆಡಳಿತ ವಿಭಾಗಕ್ಕೆ ಮನವಿ ಬರೆಯುವವರು ಮೊದಲು ಚೆಂಡುಗಳನ್ನು ಎಣಿಸುವುದು ಒಳ್ಳೆಯದು; ಹದಿನೈದು ಕಂಡಿಗಳ ಹಾಳೆ ಹದಿನಾಲ್ಕು ಚೆಂಡುಗಳಿಗೆ ಯಾವ ಸಹಾಯವನ್ನೂ ಮಾಡುವುದಿಲ್ಲ.