ಯುದ್ಧ ಸುಲಭ, ಕಕ್ಕಸು ಕಷ್ಟ

ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಮಿತ್ರಪಡೆಗಳು ಒಂದೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರನ್ನು ಒಂದೇ ದಿನ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿಸಿದವು. ಇಳಿದ ಕಡೆ ದೊಡ್ಡ ಬಂದರು ಇರಲಿಲ್ಲ. ಅದಕ್ಕೇನಂತೆ? ಬ್ರಿಟನ್ನಿನಲ್ಲಿ ಎರಡು ಬಂದರುಗಳನ್ನು ಬಿಡಿಬಿಡಿಯಾಗಿ ಕಟ್ಟಿ ಕಡಲ ಮೇಲೆ ಎಳೆದುಕೊಂಡು ಹೋದರು! ಆದರೆ ಪತ್ರಕರ್ತೆಯರನ್ನು ಮುಂಚೂಣಿಗೆ ಬಿಡಿ ಅಂದರೆ ಮಾತ್ರ ಅದೇ ಸೇನಾಧಿಕಾರಿಗಳು ತಲೆ ಕೆರೆದುಕೊಳ್ಳುತ್ತಿದ್ದರು. ಅಲ್ಲಿ ಹೆಂಗಸರಿಗೆ ಶೌಚಾಲಯ ಇಲ್ವಲ್ಲ! ಗುಂಡಿ ತೋಡಿ ಸುತ್ತ ಗೋಣಿತಟ್ಟು ಕಟ್ಟುವ ತಂತ್ರಜ್ಞಾನ ಆಗಿನ್ನೂ ಬಂದಿರಲಿಲ್ಲವೇನೋ.

ಅಮೆರಿಕದ ಪತ್ರಕರ್ತೆ ಮಾರ್ಥಾ ಗೆಲ್‌ಹಾರ್ನ್ ವಾದಕ್ಕೆ ನಿಲ್ಲಲಿಲ್ಲ. ಆಸ್ಪತ್ರೆ ಹಡಗೊಂದನ್ನು ಹತ್ತಿ, ಅದರ ಶೌಚಾಲಯದಲ್ಲೇ ಚಿಲಕ ಹಾಕಿಕೊಂಡು ಕೂತರು. ಸಮಸ್ಯೆಗೂ ಪರಿಹಾರಕ್ಕೂ ವಿಳಾಸ ಒಂದೇ! ಆಮೇಲೆ ಗಾಯಾಳುಗಳನ್ನು ಹೊರುವವರ ಜತೆ ನಾರ್ಮಂಡಿಯ ಓಮಾಹಾ ದಡಕ್ಕೆ ಇಳಿದರು. ಆಕೆ ಬರೆಯುತ್ತಿದ್ದ 'ಕಾಲಿಯರ್ಸ್' ಪತ್ರಿಕೆ ಅಧಿಕೃತವಾಗಿ ಕಳಿಸಿದ್ದು ಆಕೆಯ ಗಂಡ, ಕಾದಂಬರಿಕಾರ ಹೆಮಿಂಗ್ವೇಯನ್ನು. ಆ ಮಹಾಶಯರು ದೋಣಿಯಲ್ಲೇ ಕೂತು ದಡ ನೋಡಿ ವಾಪಸಾದರು. ಶಿಕ್ಷೆ ಆಗಿದ್ದು ಇಳಿದವರಿಗೆ. ಮಾನ್ಯತಾ ಪತ್ರ ಕಿತ್ತುಕೊಂಡು ನರ್ಸ್‌ಗಳ ತರಬೇತಿ ಶಿಬಿರಕ್ಕೆ ಅಟ್ಟಿದರು. ಆಕೆ ಅಲ್ಲಿಂದಲೂ ತಪ್ಪಿಸಿಕೊಂಡು ಇಟಲಿ ಸೇರಿದರು, ಆ ಮಾತು ಬೇರೆ.

ಅದಕ್ಕೂ ಮೊದಲು, 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನಲ್ಲಿದ್ದ ಬ್ರಿಟಿಷ್ ಪತ್ರಕರ್ತೆ ಕ್ಲೇರ್ ಹಾಲಿಂಗ್‌ವರ್ತ್ ತಮ್ಮದೇ ರಾಯಭಾರ ಕಚೇರಿಗೆ ಫೋನ್ ಮಾಡಿ, ಯುದ್ಧ ಶುರುವಾಯಿತು ಅಂದರು. ಆ ಕಡೆಯ ಅಧಿಕಾರಿ ನಂಬಲಿಲ್ಲ. ಆಕೆ ರಿಸೀವರನ್ನು ಕಿಟಕಿಯಿಂದ ಆಚೆ ಹಿಡಿದರು. ಹೆಂಗಸು ಹೇಳಿದರೆ ಸಾಲದು, ಟ್ಯಾಂಕೇ ಬಾಯಿಬಿಟ್ಟು ಹೇಳಬೇಕಲ್ವಾ?

ನಾವೇನು ಕಮ್ಮಿ? 1965ರ ಯುದ್ಧಕ್ಕೆ ಪ್ರಭಾ ದತ್ ಅವರನ್ನು ಕಳಿಸಲು ಅವರ ಪತ್ರಿಕೆ ಒಪ್ಪಲಿಲ್ಲ. ಆಕೆ ರಜೆ ಹಾಕಿ ಪಂಜಾಬಿನ ಗಡಿಯ ಖೇಮಕರಣ್‌ಗೆ ಹೋದರು. ಮದುವೆಗೆ, ಬಾಣಂತನಕ್ಕೆ ರಜೆ ಕೇಳುವುದು ಗೊತ್ತು. ಯುದ್ಧ ನೋಡಲು ರಜೆ! ಅಲ್ಲಿಂದ ಆಕೆ ಕಳಿಸಿದ ವರದಿಗಳನ್ನು ಅದೇ ಪತ್ರಿಕೆ ಅಚ್ಚು ಹಾಕಿತು. ಬೇಡವಾಗಿದ್ದು ವರದಿಗಾರ್ತಿ, ವರದಿಯಲ್ಲ. 1999ರಲ್ಲಿ ಮಗಳು ಬರ್ಖಾ ದತ್ ಕಾರ್ಗಿಲ್‌ನಿಂದ ಟಿವಿಯಲ್ಲಿ ಮಾತಾಡಿದಾಗ ದೇಶವೆಲ್ಲ ಕಣ್ಣರಳಿಸಿತು.

ಈಗ ಪತ್ರಕರ್ತೆಯರಿಗೆ ಶಾಲು ಹೊದಿಸಿ, 'ಯುದ್ಧ ವರದಿಗೆ ಮಾನವೀಯ ಸ್ಪರ್ಶ ಕೊಟ್ಟವರು' ಎಂದು ಭಾಷಣ ಮಾಡುತ್ತಾರೆ. ಸ್ಪರ್ಶ ಇರಲಿ ಸ್ವಾಮಿ, ಬಾಗಿಲಿನ ಲೆಕ್ಕ ನೋಡಿ. ಅಫ್ಗಾನಿಸ್ತಾನದಲ್ಲಿ ಇವರು ಗಂಡಸರ ಜಗಲಿಯಲ್ಲೂ ಕೂತರು, ಒಳಮನೆಯ ಹೆಂಗಸರ ಹತ್ತಿರವೂ ಮಾತಾಡಿದರು. ಗಂಡು ವರದಿಗಾರನಿಗೆ ಎಷ್ಟೋ ಕಡೆ ಒಳಬಾಗಿಲು ಮುಚ್ಚಿತ್ತು. ಅರ್ಧ ಮನೆ ನೋಡಿ ಇಡೀ ದೇಶದ ಬಗ್ಗೆ ಬರೆದರೂ, 'ಅಲ್ಲಿ ನಿಮಗೆ ಅನುಕೂಲ ಆಗಲ್ಲ ಸಾರ್' ಅಂತ ಅವನನ್ನು ಯಾರಾದರೂ ತಡೆದಿದ್ದು ನಾನಂತೂ ಕೇಳಿಲ್ಲ.